ಅಗ್ಗದ ಸ್ಕೋಪ್, ದುಬಾರಿ ಸ್ಕೋಪ್: ಎರಡು ಮಹಾಯುದ್ಧಗಳ ಲೆಕ್ಕ

(ಈ ವಾರದ ಆಡಿಯೋ ಸಂಚಿಕೆಯ ಬರಹ ರೂಪ)

 

ಬಿಜಿಎಂಐ ಆಡೋರಿಗೆ ಈ ಖುಷಿ ಗೊತ್ತು. ಯಾವುದೋ ಖಾಲಿ ಮನೆಯೊಳಗೆ ನುಗ್ತೀರಿ, ಮೂಲೆಯಲ್ಲಿ 8ಎಕ್ಸ್ ಸ್ಕೋಪ್ ಬಿದ್ದಿರುತ್ತೆ. ಎತ್ಕೊಂಡು ಕಾರ್98ಕೆ ಮೇಲೆ ಇಟ್ಟರೆ ಮುಗೀತು. ಒಂದು ಸೆಕೆಂಡಲ್ಲಿ ಕೂತ್ಕೊಳ್ಳುತ್ತೆ. ಸ್ಕ್ರೂ ಬಿಗಿ ಮಾಡೋದಿಲ್ಲ, ಒಳಗೆ ಹಬೆ ಕಟ್ಟೋದಿಲ್ಲ, ಮಳೆಗೆ ನೆನೆದ್ರೂ ಏನೂ ಆಗೋದಿಲ್ಲ. ದುಡ್ಡಂತೂ ಕೊಡೋದೇ ಬೇಡ. ಆಟದ ಲೋಕದಲ್ಲಿ ಸ್ಕೋಪ್ ಅಂದ್ರೆ ಒಂದು ನಂಬರ್ ಅಷ್ಟೆ. 4ಕ್ಕಿಂತ 6 ದೊಡ್ಡದು, 6ಕ್ಕಿಂತ 8 ದೊಡ್ಡದು.

ನಾನೂ ಹಾಗೇ ಅಂದ್ಕೊಂಡಿದ್ದೆ. ಎರಡು ವರ್ಷದ ಹಿಂದೆ ಆಗುಂಬೆ ಕಡೆ ಹೋಗೋಕೆ ಮುಂಚೆ ಆನ್‌ಲೈನಲ್ಲಿ ಒಂದು ಬೈನಾಕ್ಯುಲರ್ ತರಿಸಿದೆ. ಬೆಲೆ ಸಾವಿರದ ಚಿಲ್ಲರೆ. ಪೆಟ್ಟಿಗೆ ಮೇಲೆ ದೊಡ್ಡ ದೊಡ್ಡ ನಂಬರ್. ಎರಡನೇ ದಿನ ಬೆಳಿಗ್ಗೆ ಕಣ್ಣಿಗೆ ಇಟ್ರೆ ಲೆನ್ಸಿನ ಒಳಗಡೆ ಹಬೆ! ಹೊರಗಡೆ ಆಗಿದ್ರೆ ಅಂಗಿ ತುದಿಯಲ್ಲಿ ಒರೆಸಬಹುದಿತ್ತು. ಒಳಗಡೆ ಕಟ್ಟಿದ್ದನ್ನ ಏನು ಮಾಡೋದು? ಜೊತೆಗಿದ್ದ ಗೆಳೆಯ, ‘ಲೋ, ಹಕ್ಕಿ ನೋಡೋಕೆ ಬಂದು ಮೋಡ ನೋಡ್ತಾ ಇದೀಯಲ್ಲೋ’ ಅಂತ ನಕ್ಕ. ಬಿಕಾಂ ಓದಿದವನಿಗೆ ಇದು ಸ್ವಲ್ಪ ಅವಮಾನವೇ. ಅಗ್ಗದ್ದು ಎಲ್ಲಿ ಅಗ್ಗ ಆಗುತ್ತೆ, ದುಬಾರಿಯದ್ದಕ್ಕೆ ಕೊಡೋ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು. ಹುಡುಕ್ತಾ ಹೋದಾಗ ಅದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ರೈಫಲ್ ಸ್ಕೋಪ್‌ಗಳ ಚರಿತ್ರೆಯಲ್ಲಿ. ನನ್ನ ಅಗ್ಗದ ಬೈನಾಕ್ಯುಲರ್ ಕೈಕೊಟ್ಟರೆ ಒಂದು ಹಕ್ಕಿ ತಪ್ಪಿತು ಅಷ್ಟೆ. ಅಲ್ಲಿ ಅಗ್ಗದ್ದು ಕೈಕೊಟ್ಟಾಗ ಜನ ಸತ್ತಿದ್ದಾರೆ.

ಮೊದಲೇ ಹೇಳಿಬಿಡ್ತೀನಿ, ಇದು ಯಾವ ಬಂದೂಕಿನ ಜಾಹೀರಾತೂ ಅಲ್ಲ. ಬೇಟೆ ನಮ್ಮ ದೇಶದಲ್ಲಿ 1972ರ ಕಾಯ್ದೆಯಿಂದಲೇ ನಿಷಿದ್ಧ. ನಾವು ಇವತ್ತು ಮಾತಾಡ್ತಿರೋದು ಗಾಜು, ಸ್ಕ್ರೂ ಮತ್ತು ದುಡ್ಡಿನ ಬಗ್ಗೆ.

1914ಕ್ಕೆ ಹೋಗೋಣ. ಜುಲೈ ಕೊನೆಯಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ವರ್ಷ ಮುಗಿಯೋ ಹೊತ್ತಿಗೆ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಎರಡೂ ಕಡೆಯ ಸೈನ್ಯ ನೆಲ ತೋಡಿಕೊಂಡು ಕಂದಕಗಳಲ್ಲಿ ಕೂತಿತ್ತು. ಎದುರಾಳಿ ಎಷ್ಟೋ ಕಡೆ ನೂರಿನ್ನೂರು ಮೀಟರ್ ದೂರದಲ್ಲೇ ಇದ್ದ. ತಲೆ ಎತ್ತಿದ್ರೆ ಗುಂಡು. ಆ ಗುಂಡು ಹೆಚ್ಚಾಗಿ ಬರ್ತಿದ್ದದ್ದು ಜರ್ಮನಿಯ ಕಡೆಯಿಂದ. ಕಾರಣ ಜರ್ಮನ್ನರ ಧೈರ್ಯ ಹೆಚ್ಚು ಅಂತ ಅಲ್ಲ, ಅವರ ಹತ್ತಿರ ಗಾಜು ಇತ್ತು.

ಗಾಜು ಅಂದ್ರೆ ಕಿಟಕಿ ಗಾಜಲ್ಲ. ಲೆನ್ಸ್ ಮಾಡೋ ಗಾಜಿನಲ್ಲಿ ಒಂದು ಗುಳ್ಳೆ, ಒಂದು ಎಳೆಯಷ್ಟು ಗೆರೆ ಇದ್ದರೂ ಆಗೋದಿಲ್ಲ. ಜರ್ಮನಿಯ ಯೇನಾ ಅನ್ನೋ ಊರಿನಲ್ಲಿ 1884ರಲ್ಲಿ ಆಟೊ ಶಾಟ್ ಅನ್ನೋ ರಸಾಯನ ಶಾಸ್ತ್ರಜ್ಞ, ಭೌತವಿಜ್ಞಾನಿ ಅರ್ನ್ಸ್ಟ್ ಆಬೆ ಮತ್ತು ಕಾರ್ಲ್ ಜೈಸ್ ಸೇರಿ ಇದಕ್ಕಂತಲೇ ಒಂದು ಕಾರ್ಖಾನೆ ಹಾಕಿದ್ರು. ಮೂವತ್ತು ವರ್ಷದಲ್ಲಿ ಇಡೀ ಜಗತ್ತು ಅವರ ಗಿರಾಕಿ ಆಯ್ತು. ಬ್ರಿಟನ್ ಕೂಡ! ಯುದ್ಧಕ್ಕೆ ಮುಂಚೆ ಬ್ರಿಟನ್ ಬಳಸ್ತಿದ್ದ ಲೆನ್ಸ್ ಗಾಜಿನಲ್ಲಿ ಸುಮಾರು ಶೇ 60 ಜರ್ಮನಿಯದ್ದು, ಶೇ 30ರಷ್ಟು ಫ್ರಾನ್ಸಿನದ್ದು. ಸ್ವಂತ ನೆಲದಲ್ಲಿ ತಯಾರಾಗ್ತಿದ್ದದ್ದು ಶೇ 10ರ ಆಸುಪಾಸು. ಅದನ್ನೂ ಮಾಡ್ತಿದ್ದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ ಅನ್ನೋ ಒಂದೇ ಕಂಪನಿ.

ಈಗ ಯೋಚನೆ ಮಾಡಿ. ಕಾಮರ್ಸ್ ತರಗತಿಯಲ್ಲಿ ‘ಒಬ್ಬನೇ ಸರಬರಾಜುದಾರನನ್ನ ನಂಬಬೇಡಿ’ ಅಂತ ಹೇಳಿಕೊಡ್ತಾರೆ. ಇಲ್ಲಿ ಆ ಸರಬರಾಜುದಾರನೇ ಶತ್ರು. ಸೂರ್ಯ ಮುಳುಗದ ಸಾಮ್ರಾಜ್ಯದ ಹತ್ತಿರ ಸಾಕಷ್ಟು ದುರ್ಬೀನು ಇರಲಿಲ್ಲ. ಲಾರ್ಡ್ ರಾಬರ್ಟ್ಸ್ ಅಂತ ಒಬ್ಬ ಮುದಿ ಫೀಲ್ಡ್ ಮಾರ್ಷಲ್, ನಮ್ಮ ಕಾನ್ಪುರದಲ್ಲೇ ಹುಟ್ಟಿದವರು, ಜನರಿಗೆ ಬಹಿರಂಗ ಮನವಿ ಮಾಡಿದ್ರು: ಮನೆಯಲ್ಲಿ ದುರ್ಬೀನು ಇದ್ರೆ ಸೈನಿಕರಿಗೆ ಎರವಲು ಕೊಡಿ ಅಂತ. ಕುದುರೆ ರೇಸಿಗೆ ಒಯ್ಯುತ್ತಿದ್ದ ದುರ್ಬೀನುಗಳೂ ಯುದ್ಧಭೂಮಿಗೆ ಹೊರಟವು. 1915ರಲ್ಲಂತೂ ಸ್ವಿಟ್ಜರ್ಲೆಂಡ್ ಮೂಲಕ ಜರ್ಮನಿಯಿಂದಲೇ ದುರ್ಬೀನು, ಸ್ಕೋಪ್ ಕೊಳ್ಳೋಕೆ ಗುಟ್ಟಾಗಿ ಮಾತುಕತೆ ನಡೀತು. ಇದು ಬ್ರಿಟಿಷ್ ಸರ್ಕಾರದ ಶಸ್ತ್ರಾಸ್ತ್ರ ಖಾತೆಯ ಅಧಿಕೃತ ಚರಿತ್ರೆಯಲ್ಲೇ ದಾಖಲಾಗಿರೋ ವಿಷಯ. ಒಂದು ಕಡೆ ಕೊಲ್ಲೋದು, ಇನ್ನೊಂದು ಕಡೆ ಕೊಟೇಶನ್ ಕೇಳೋದು.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? 1914ರ ಅಕ್ಟೋಬರ್‌ನಿಂದ 1915ರ ಕೊನೆಯವರೆಗೆ ಆ ಕಂದಕಗಳಲ್ಲಿ ಭಾರತೀಯ ಸೈನಿಕರೂ ಇದ್ದರು. ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳ ಸಿಖ್ಖರು, ಗಢವಾಲಿಗಳು, ಗೂರ್ಖಾಗಳು, ಪಠಾಣರು. ಸ್ಕೋಪ್ ಇಲ್ಲದ ಪಕ್ಷದ ಸೈನಿಕರು ಅವರು.

ಜರ್ಮನಿಯಲ್ಲಿ ಸ್ಕೋಪ್ ಎಲ್ಲಿಂದ ಬಂತು ಅನ್ನೋದೂ ಸ್ವಾರಸ್ಯ. ಅಲ್ಲಿ ಬೇಟೆ ಅನ್ನೋದು ದೊಡ್ಡ ಮನೆತನಗಳ ಹವ್ಯಾಸ. ಮುಸ್ಸಂಜೆ ಬೆಳಕಿನಲ್ಲಿ ಕಾಡುಹಂದಿ, ಜಿಂಕೆಗೆ ಗುರಿ ಇಡೋಕೆ ಒಳ್ಳೆ ಸ್ಕೋಪ್ ಇರೋ ರೈಫಲ್‌ಗಳು ಮನೆಮನೆಯಲ್ಲಿ ಇದ್ದವು. ರಾಟಿಬೋರ್‌ನ ಡ್ಯೂಕ್ ಮುಂದೆ ನಿಂತು ಬೇಟೆಗಾರರಿಂದ ಅವನ್ನೆಲ್ಲ ಸಂಗ್ರಹಿಸಿ ಸೈನ್ಯಕ್ಕೆ ಕಳಿಸಿದ. ಅಂದ್ರೆ ಶಾಂತಿಕಾಲದಲ್ಲಿ ಶ್ರೀಮಂತರು ಕೊಟ್ಟ ದುಬಾರಿ ಬೆಲೆ ಯುದ್ಧಕಾಲದಲ್ಲಿ ದೇಶಕ್ಕೆ ಸಿದ್ಧ ದಾಸ್ತಾನು ಆಯ್ತು.

ಬ್ರಿಟನ್ ಏನು ಮಾಡ್ತು? ಕೈಗೆ ಸಿಕ್ಕಿದ್ದನ್ನ ಹಾಕ್ತು. ಈ ಹಂತದಲ್ಲಿ ಬಂದದ್ದೇ ಲ್ಯಾಟಿ, ನೀಲ್, ಮಾರ್ಟಿನ್ ಅನ್ನೋ ಹೆಸರಿನ ಸಾಧನಗಳು. ಇವಕ್ಕೆ ಸ್ಕೋಪ್ ಅನ್ನೋದೂ ಕಷ್ಟ. ರೈಫಲ್‌ನ ಮುಂತುದಿಯಲ್ಲಿ ಒಂದು ಲೆನ್ಸ್, ಕಣ್ಣಿನ ಹತ್ತಿರ ಇನ್ನೊಂದು ಚಿಕ್ಕ ಲೆನ್ಸ್. ಮಧ್ಯೆ ಕೊಳವೆಯೇ ಇಲ್ಲ, ಬರೀ ಗಾಳಿ. ಗೆಲಿಲಿಯೋನ ದೂರದರ್ಶಕದ ತತ್ವವೇ, ಡಬ್ಬ ತೆಗೆದುಹಾಕಿದ್ದು. ಅಗ್ಗ, ಹಗುರ, ಬೇಗ ತಯಾರಾಗುತ್ತೆ. ಸಾವಿರಾರು ಬಂದವು. ಆದರೆ ಕಾಣೋ ಜಾಗ ಎಷ್ಟು ಇಕ್ಕಟ್ಟು ಅಂದ್ರೆ, ತೂತಿನ ಕಾಸಿನೊಳಗಿಂದ ಗದ್ದೆ ನೋಡಿದ ಹಾಗೆ. ಮಳೆ ಹನಿ ಬಿದ್ರೆ ಮುಗೀತು. ಮುಂದಿನ ಲೆನ್ಸಿಗೆ ಸ್ವಲ್ಪ ತಾಗಿದ್ರೆ ಗುರಿ ಎಲ್ಲಿಗೋ ಹೋಯ್ತು.

ಆಮೇಲೆ ನಿಜವಾದ ಸ್ಕೋಪ್‌ಗಳೂ ಬಂದವು. ಆಲ್ಡಿಸ್ ಅನ್ನೋದು ಒಂದು, ಪೆರಿಸ್ಕೋಪಿಕ್ ಪ್ರಿಸಂ ಕಂಪನಿಯದ್ದು ಇನ್ನೊಂದು. ಗಾಜು ಚೆನ್ನಾಗಿತ್ತು. ಆದರೆ ಯಾರೋ ಮೇಜಿನ ಹಿಂದೆ ಕೂತವರು ಒಂದು ಯೋಚನೆ ಮಾಡಿದ್ರು: ರೈಫಲ್‌ಗೆ ಮೇಲಿನಿಂದ ಐದೈದು ಗುಂಡಿನ ಕ್ಲಿಪ್ ಹಾಕಬೇಕಲ್ಲ, ಸ್ಕೋಪ್ ಅಡ್ಡ ಬರುತ್ತೆ, ಅದಕ್ಕೆ ಅದನ್ನ ಎಡಗಡೆಗೆ ಸರಿಸಿ ಕೂರಿಸೋಣ. ಸರಿ. ಈಗ ಕಂದಕದಲ್ಲಿ ಉಕ್ಕಿನ ಫಲಕದ ಸಣ್ಣ ಕಿಂಡಿಯಿಂದ ಗುರಿ ಇಡೋನ ಕಷ್ಟ ನೋಡಿ. ನಳಿಗೆ ಕಿಂಡಿಯೊಳಗೆ ಇದೆ, ಸ್ಕೋಪ್ ಪಕ್ಕದ ಫಲಕವನ್ನ ನೋಡ್ತಿದೆ! ಕೆನ್ನೆಗೆ ರೈಫಲ್ ಕೂರೋದೂ ಇಲ್ಲ. ದುಬಾರಿ ಗಾಜಿಗೆ ಬುದ್ಧಿ ಇಲ್ಲದ ಮೌಂಟ್.

ಇಲ್ಲಿಗೆ ನಮ್ಮ ಕತೆಯ ಮುಖ್ಯ ಮನುಷ್ಯ ಬರ್ತಾನೆ. ಹೆಸರು ಹೆಸ್ಕೆತ್ ಪ್ರಿಚರ್ಡ್. ಕ್ರಿಕೆಟ್ ಹುಚ್ಚಿರೋರಿಗೆ ಇಷ್ಟ ಆಗೋ ವ್ಯಕ್ತಿ, ಯಾಕಂದ್ರೆ ಹ್ಯಾಂಪ್‌ಶೈರ್ ಪರ ಆಡ್ತಿದ್ದ ಫಾಸ್ಟ್ ಬೌಲರ್. ಕತೆ ಬರೀತಿದ್ದ. ಬೇಟೆಗಾರ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಅಳಿದುಹೋದ ದೈತ್ಯ ಪ್ರಾಣಿ ಇನ್ನೂ ಬದುಕಿದೆಯಾ ಅಂತ ಹುಡುಕೋಕೆ ಒಂದು ಪತ್ರಿಕೆಯ ಖರ್ಚಿನಲ್ಲಿ ಹೋಗಿ ಬರಿಗೈಲಿ ಬಂದವನು. 1915ರಲ್ಲಿ ಪತ್ರಕರ್ತರನ್ನ ಕರ್ಕೊಂಡು ಓಡಾಡೋ ಅಧಿಕಾರಿಯಾಗಿ ಫ್ರಾನ್ಸ್‌ಗೆ ಬಂದ. ಬಂದವನು ನೋಡಿದ್ದು ಏನು? ದಿನಾ ತಲೆಗೆ ಗುಂಡು ತಿಂದು ಸಾಯೋ ಹುಡುಗರನ್ನ. ಒಂದೇ ಬೆಟಾಲಿಯನ್ ಒಂದೇ ದಿನದಲ್ಲಿ 18 ಜನರನ್ನ ಸ್ನೈಪರ್‌ಗಳ ಗುಂಡಿಗೆ ಕಳಕೊಂಡ ಉದಾಹರಣೆ ಅವನ ಪುಸ್ತಕದಲ್ಲಿದೆ.

ಅವನು ರಜೆಗೆ ಹೋದಾಗ ಸ್ಕೋಪ್ ಇರೋ ರೈಫಲ್‌ಗಳನ್ನ ಸ್ವಂತವಾಗಿ ಹೊಂದಿಸಿ ತಂದ, ಗೆಳೆಯರ ಹತ್ತಿರ ದುಡ್ಡು ಬೇಡಿದ. ಆಮೇಲೆ ಒಂದು ಕೆಲಸ ಮಾಡಿದ, ಅದನ್ನ ನಾನು ಲೆಕ್ಕಪರಿಶೋಧನೆ ಅಂತಲೇ ಕರೀತೀನಿ. ಬೆಟಾಲಿಯನ್‌ಗಳಲ್ಲಿ ಆಗಲೇ ಇದ್ದ ಸ್ಕೋಪ್ ರೈಫಲ್‌ಗಳನ್ನ ಒಂದೊಂದಾಗಿ ತರಿಸಿ ಗುರಿಗೆ ಹೊಡೆದು ನೋಡಿದ. ಬಹುಪಾಲು ರೈಫಲ್‌ಗಳು ತಾವು ತೋರಿಸಿದ ಜಾಗಕ್ಕೆ ಹೊಡೀತಾನೇ ಇರಲಿಲ್ಲ! ಗಾಜು ಸರಿ ಇದೆ, ಅಡ್ಡಗೀಟು ಸರಿ ಕಾಣುತ್ತೆ, ಗುಂಡು ಮಾತ್ರ ಇನ್ನೆಲ್ಲೋ.

ಕಾರಣ ಕೇಳಿದ್ರೆ ನಗುವೂ ಬರುತ್ತೆ, ಸಿಟ್ಟೂ ಬರುತ್ತೆ. ಸ್ಕೋಪ್ ರೈಫಲ್‌ಗಳನ್ನ ‘ಕಂದಕದ ಸಾಮಾನು’ ಅಂತ ಪಟ್ಟಿ ಮಾಡಿದ್ರು. ಗುದ್ದಲಿ, ಬಕೆಟ್ ಇದ್ದ ಹಾಗೆ. ಒಂದು ಬೆಟಾಲಿಯನ್ ಹೋಗ್ತಾ ಮುಂದಿನ ಬೆಟಾಲಿಯನ್‌ಗೆ ಎಣಿಸಿ ಒಪ್ಪಿಸಿ ಹೋಗ್ತಿತ್ತು. ಸ್ಟಾಕ್ ರಿಜಿಸ್ಟರ್‌ನಲ್ಲಿ ಸಂಖ್ಯೆ ತಾಳೆ ಆಯ್ತಾ, ಆಯ್ತು. ಅದು ನೆಟ್ಟಗೆ ಹೊಡೆಯುತ್ತಾ ಅಂತ ಕೇಳೋ ಕಾಲಮ್ಮೇ ಇರಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಗ್ಗ ಮತ್ತು ದುಬಾರಿಯ ಗುಟ್ಟು ಇರೋದೇ ಇಲ್ಲಿ. ಸ್ಕೋಪ್ ತೋರಿಸೋ ಜಾಗಕ್ಕೇ ಗುಂಡು ಬೀಳೋ ಹಾಗೆ ಹೊಂದಿಸೋದಕ್ಕೆ ಝೀರೋ ಮಾಡೋದು ಅಂತಾರೆ. ಸ್ಕೋಪ್ ರೈಫಲ್ ಮೇಲೆ ಎರಡು ಬಳೆಗಳಲ್ಲಿ ಕೂತಿರುತ್ತೆ. ಎರಡರ ಮಧ್ಯೆ 15 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಸ್ಕ್ರೂ ಸಡಿಲವಾಗಿ ಒಂದು ಬಳೆ ಬರೀ ಒಂದು ಹಾಳೆ ಕಾಗದದ ದಪ್ಪದಷ್ಟು, ಅಂದ್ರೆ 0.1 ಮಿಲಿಮೀಟರ್, ಸರಿದಿದೆ. ಲೆಕ್ಕ ಹಾಕಿ. 100 ಮೀಟರ್ ದೂರದಲ್ಲಿ ಗುಂಡು ಸುಮಾರು 6.7 ಸೆಂಟಿಮೀಟರ್ ಆಚೆ ಬೀಳುತ್ತೆ. 300 ಮೀಟರ್‌ನಲ್ಲಿ 20 ಸೆಂಟಿಮೀಟರ್. ಮನುಷ್ಯನ ತಲೆಯ ಅಗಲವೇ ಸುಮಾರು 15. ಅಂದ್ರೆ ನಡುಮಧ್ಯಕ್ಕೆ ಗುರಿ ಇಟ್ಟರೂ ತಪ್ಪುತ್ತೆ. ತಪ್ಪಿದವನ ಜಾಗ ಎದುರಾಳಿಗೆ ಗೊತ್ತಾಗುತ್ತೆ. ಮುಂದಿನ ಗುಂಡು ಅವನದ್ದು.

ಈಗ 8ಎಕ್ಸ್ ಅನ್ನೋ ನಂಬರ್‌ಗೆ ಇದರಲ್ಲಿ ಏನು ಕೆಲಸ? ಏನೂ ಇಲ್ಲ. ದೊಡ್ಡದು ಮಾಡಿ ತೋರಿಸೋದು ಸ್ಕೋಪಿನ ಅತ್ಯಂತ ಅಗ್ಗದ ಭಾಗ. ಎರಡು ಲೆನ್ಸ್ ಇಟ್ರೆ ಯಾರು ಬೇಕಾದ್ರೂ ದೊಡ್ಡದು ಮಾಡಬಹುದು. ನೂರಾರು ಗುಂಡಿನ ಒದೆತ ತಿಂದ ಮೇಲೂ, ಒಂದು ಕಾಗದದಷ್ಟೂ ಅಲುಗದೆ ಕೂತಿರೋದು ದುಬಾರಿ. ನೀರು ಒಳಗೆ ಬರದ ಹಾಗೆ ತಡೆಯೋದು ದುಬಾರಿ. ಸಂಜೆ ಬೆಳಕನ್ನ ಕಣ್ಣಿನ ತನಕ ತಲುಪಿಸೋದು ದುಬಾರಿ.

ಬೆಳಕಿನ ವಿಷಯವೂ ಹೇಳಿಬಿಡ್ತೀನಿ. ಬೆಳಕು ಗಾಳಿಯಿಂದ ಗಾಜಿಗೆ ಹೊಕ್ಕುವಾಗ, ಗಾಜಿಂದ ಗಾಳಿಗೆ ಬರುವಾಗ ಪ್ರತಿಸಲ ಶೇ 4ರಷ್ಟು ವಾಪಸ್ ಪುಟಿಯುತ್ತೆ. ಸ್ಕೋಪಿನೊಳಗೆ ಇಂಥ ಹತ್ತು ಮೇಲ್ಮೈ ಇದ್ರೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಖೋತಾ, ನಮ್ಮ ಜಿಎಸ್‌ಟಿ ತರ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಅನ್ನೋ ವಿಜ್ಞಾನಿ ಲೆನ್ಸ್ ಮೇಲೆ ಅತಿ ತೆಳುವಾದ ಲೇಪ ಹಾಕಿ ಈ ನಷ್ಟ ಕಡಿಮೆ ಮಾಡೋದನ್ನ ಕಂಡುಹಿಡಿದ. ಜರ್ಮನಿ ಅದನ್ನ ಮಿಲಿಟರಿ ಗುಟ್ಟಾಗಿ ಇಟ್ಟುಕೊಂಡಿತು. ಇವತ್ತು ನಿಮ್ಮ ಕನ್ನಡಕದ ಅಂಗಡಿಯಲ್ಲಿ ‘ಕೋಟಿಂಗ್ ಹಾಕಿಸ್ತೀರಾ ಸರ್’ ಅಂತ ಕೇಳ್ತಾರಲ್ಲ, ಅದೇ ವಂಶದ್ದು. ಇನ್ನೊಂದು ವಿಷಯ: ನಂಬರ್ ಜಾಸ್ತಿ ಆದಷ್ಟೂ ಚಿತ್ರ ಕತ್ತಲಾಗುತ್ತೆ, ಕಾಣೋ ಜಾಗ ಕುಗ್ಗುತ್ತೆ, ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತೆ. ಆಟದಲ್ಲಿ ಇದನ್ನೆಲ್ಲ ಪೂರ್ತಿ ಹೇಳಲ್ಲ ನೋಡಿ.

ಮತ್ತೆ ಹೆಸ್ಕೆತ್ ಪ್ರಿಚರ್ಡ್ ಹತ್ತಿರ ಬರೋಣ. 1916ರಲ್ಲಿ ಫ್ರಾನ್ಸಿನ ಲಿಂಗೆಮ್ ಅನ್ನೋ ಹಳ್ಳಿಯಲ್ಲಿ ಅವನು ಒಂದು ಶಾಲೆ ತೆರೆದ. ಅಲ್ಲಿ ಹೊಡೆಯೋದಕ್ಕಿಂತ ಹೆಚ್ಚಾಗಿ ಕಲಿಸಿದ್ದು ನೋಡೋದನ್ನ, ಮತ್ತೆ ಉಪಕರಣ ನೋಡ್ಕೊಳ್ಳೋದನ್ನ. ರೈಫಲ್ ಇನ್ನು ಮೇಲೆ ಗುದ್ದಲಿ ಅಲ್ಲ, ಒಬ್ಬ ಸ್ನೈಪರ್‌ಗೆ ಒಂದು, ಅವನೇ ಅದರ ಜವಾಬ್ದಾರಿ. ಕಾಗದದ ಮುದ್ದೆಯಿಂದ ಮಾಡಿದ ಬೊಂಬೆ ತಲೆಯನ್ನ ಕಂದಕದ ಮೇಲೆ ಎತ್ತಿ, ಜರ್ಮನ್ ಗುಂಡು ಅದರಲ್ಲಿ ಮಾಡಿದ ಹಿಂದಿನ ಮುಂದಿನ ತೂತಿನ ನೇರದಲ್ಲಿ ಪೆರಿಸ್ಕೋಪ್ ಇಟ್ಟು ನೋಡಿದ್ರೆ ಹೊಡೆದವನ ಜಾಗ ಸಿಗ್ತಿತ್ತು. ಬೊಂಬೆಯ ಖರ್ಚು ಎಷ್ಟು? ಹಳೇ ಪೇಪರು, ಅಂಟು, ಬಣ್ಣ. ಎದುರಾಳಿಯ ಯೇನಾ ಗಾಜಿನ ಅಷ್ಟೂ ಬೆಲೆಯನ್ನ ಇದು ಕರಗಿಸಿಬಿಡ್ತಿತ್ತು. ಯುದ್ಧದ ಎರಡನೇ ಅರ್ಧದಲ್ಲಿ ಆ ಭಾಗದಲ್ಲಿ ತಲೆ ತಗ್ಗಿಸಿ ಓಡಾಡೋ ಸರದಿ ಜರ್ಮನ್ನರದ್ದಾಯ್ತು. ಆ ಮನುಷ್ಯ ಮಾತ್ರ ಹೆಚ್ಚು ದಿನ ಬದುಕಲಿಲ್ಲ. 1922ರಲ್ಲಿ ಕಾಯಿಲೆ ಬಿದ್ದು ತೀರಿಕೊಂಡ.

ಎರಡನೇ ಮಹಾಯುದ್ಧ ಬರೋ ಹೊತ್ತಿಗೆ ಬ್ರಿಟನ್ ಈ ಪಾಠ ಮರೆತಿರಲಿಲ್ಲ. ಅವರ ನಂಬರ್ 4 ಟಿ ರೈಫಲ್ ಮೇಲಿದ್ದ ನಂಬರ್ 32 ಸ್ಕೋಪ್ ಬರೀ ಮೂರು ಪಟ್ಟಿನ ಆಸುಪಾಸಿನದ್ದು. ಆದರೆ ಯಾವ ಸ್ಕೋಪ್ ಯಾವ ರೈಫಲ್‌ಗೆ ಅಂತ ನಂಬರ್ ಹೊಡೆದು, ಮರದ ಪೆಟ್ಟಿಗೆಯಲ್ಲಿ ಜೋಡಿಯಾಗಿ ಕೊಡ್ತಿದ್ರು. ಮೌಂಟ್ ಕೂರಿಸೋ ಕೆಲಸ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಅನ್ನೋ ರಾಜಮಹಾರಾಜರ ಬಂದೂಕಿನ ಕಂಪನಿಗೆ ಒಪ್ಪಿಸಿದ್ರು. ಸ್ವಾತಂತ್ರ್ಯದ ನಂತರ ನಮ್ಮ ಸೇನೆಯೂ ಇದೇ ಜೋಡಿಯನ್ನ ಬಳಸಿದೆ.

ರಷ್ಯನ್ನರ ದಾರಿ ಬೇರೆ. ನನಗೆ ಅತಿ ಇಷ್ಟವಾದ ದಾರಿಯೂ ಅದೇ. ಮೂವತ್ತರ ದಶಕದಲ್ಲಿ ಅವರ ಹತ್ತಿರ ಪಿಇ ಅನ್ನೋ 4 ಪಟ್ಟಿನ ಸ್ಕೋಪ್ ಇತ್ತು, ಜರ್ಮನ್ ಮಾದರಿ ನೋಡಿ ಮಾಡಿದ್ದು. ಕಣ್ಣಿಗೆ ತಕ್ಕ ಹಾಗೆ ಫೋಕಸ್ ತಿರುಗಿಸೋ ಸೌಲಭ್ಯವೂ ಇತ್ತು. ತಿರುಗೋ ಜಾಗ ಇದ್ದಲ್ಲಿ ಸಂದು ಇರುತ್ತೆ, ಸಂದು ಇದ್ದಲ್ಲಿ ನೀರು ಹೋಗುತ್ತೆ. ಮುಂದಿನ ಪಿಇಎಂ ಮಾದರಿಯಲ್ಲಿ ಫೋಕಸನ್ನೇ ಕಿತ್ತುಹಾಕಿದ್ರು. 1940ರ ಪಿಯು ಸ್ಕೋಪ್ ಇನ್ನೂ ಗಿಡ್ಡ, ಇನ್ನೂ ಕಡಿಮೆ ಬಿಡಿಭಾಗ, ಮೂರೂವರೆ ಪಟ್ಟು ಮಾತ್ರ. 1942ರಿಂದ ಅದನ್ನೇ ಹಳೇ ಮೊಸಿನ್ ರೈಫಲ್ ಮೇಲೆ ಕೂರಿಸಿ ಲಕ್ಷಗಟ್ಟಲೆ ತಯಾರಿಸಿದ್ರು. ದಪ್ಪ ಉಕ್ಕಿನ ಮೌಂಟ್, ನೋಡೋಕೆ ಟ್ರ್ಯಾಕ್ಟರ್ ಬಿಡಿಭಾಗದ ತರ. ಇಲ್ಲಿ ದುಡ್ಡು ಉಳಿಸಿದ್ದು ಸೌಲಭ್ಯದಲ್ಲಿ. ಗಟ್ಟಿತನದಲ್ಲಿ ಅಲ್ಲ. ಈ ಎರಡರ ವ್ಯತ್ಯಾಸ ದಯವಿಟ್ಟು ಗಮನಿಸಿ, ಯಾಕಂದ್ರೆ ಇವತ್ತಿನ ಅಗ್ಗದ ಮಾಲು ಇದರ ಉಲ್ಟಾ. ಸೌಲಭ್ಯ ಹತ್ತು ಇರುತ್ತೆ, ಗಟ್ಟಿತನ ಇರಲ್ಲ.

ಆ ಕಾಲದ ಜರ್ಮನಿಯ ಕತೆ ಹೇಳಿದ್ರೆ ಬಿಜಿಎಂಐ ಆಡೋರಿಗೆ ಬೇಜಾರಾಗಬಹುದು. ನೀವು 8ಎಕ್ಸ್ ಹಾಕೋ ಅದೇ ಕಾರ್98ಕೆ ರೈಫಲ್ ಮೇಲೆ ಜರ್ಮನಿ ಒಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ ಸ್ಕೋಪ್ ಎಷ್ಟು ಪಟ್ಟಿನದ್ದು ಗೊತ್ತಾ? ಒಂದೂವರೆ. 1.5ಎಕ್ಸ್! ಜೆಡ್‌ಎಫ್41 ಅಂತ ಹೆಸರು. ನಳಿಗೆಯ ಮೇಲೆ, ಕಣ್ಣಿನಿಂದ ದೂರದಲ್ಲಿ ಕೂತಿರೋ ಪುಟ್ಟ ಕೊಳವೆ. ಸಾಮಾನ್ಯ ಸೈನಿಕನ ಗುರಿ ಸ್ವಲ್ಪ ಸುಧಾರಿಸೋಕೆ ಅಂತ ಮಾಡಿದ್ದನ್ನ ಸ್ನೈಪರ್‌ಗಳ ಕೈಗೂ ಕೊಟ್ಟರು. ಗಾಜಿನ ರಾಜ ಅನ್ನಿಸಿಕೊಂಡ ದೇಶದ ಪಾಡು ಇದು. 4 ಪಟ್ಟಿನ ಜೈಸ್, ಹೆನ್ಸೋಲ್ಟ್ ಸ್ಕೋಪ್‌ಗಳು ಅವರಲ್ಲಿ ಖಂಡಿತ ಇದ್ದವು, ಅದ್ಭುತವಾಗಿದ್ದವು. ಬೇಕಾದಷ್ಟು ಇರಲಿಲ್ಲ.

ಫಿನ್ಲೆಂಡಿನ ಸಿಮೊ ಹೈಹಾ ಬಗ್ಗೆ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. 1939-40ರ ಚಳಿಗಾಲದ ಯುದ್ಧದಲ್ಲಿ ಸ್ಕೋಪೇ ಇಲ್ಲದೆ ಹೊಡೆದವನು. ಅದು ಹಟ ಅಲ್ಲ, ಲೆಕ್ಕಾಚಾರ. ಆ ಹಿಮದಲ್ಲಿ ಗಾಜು ಮಬ್ಬಾಗುತ್ತೆ, ಬಿಸಿಲಿಗೆ ಮಿಂಚಿ ಜಾಗ ತೋರಿಸುತ್ತೆ, ಸ್ಕೋಪ್ ಎತ್ತರದಲ್ಲಿ ಇರೋದರಿಂದ ತಲೆಯನ್ನ ಅಷ್ಟು ಮೇಲಕ್ಕೆ ಎತ್ತಬೇಕು. ಹತ್ತಿರದ ದೂರಕ್ಕೆ ಅವನಿಗೆ ಅದು ಬೇಡವಾಗಿತ್ತು.

ಅಮೆರಿಕಕ್ಕೆ ಹೋಗೋಣ, ಅಲ್ಲಿ ‘ಬಜೆಟ್’ ಅನ್ನೋ ಮಾತಿಗೆ ನಿಜವಾದ ಅರ್ಥ ಸಿಗುತ್ತೆ. 1930. ಮಹಾ ಆರ್ಥಿಕ ಕುಸಿತದ ದಿನಗಳು. ಬಿಲ್ ವೀವರ್ ಅನ್ನೋ ಇಪ್ಪತ್ತೈದರ ಆಸುಪಾಸಿನ ಹುಡುಗ ಕೆಂಟಕಿಯಲ್ಲಿ ಸ್ವಂತವಾಗಿ ಸ್ಕೋಪ್ ಮಾಡೋಕೆ ಶುರುಮಾಡಿದ. ಬೆಲೆ ಮೌಂಟ್ ಸೇರಿ 19 ಡಾಲರ್. ಸ್ಕೋಪ್ ಅಂದ್ರೆ ಶ್ರೀಮಂತರದ್ದು ಅಂತಿದ್ದ ಕಾಲದಲ್ಲಿ ಇದು ನಮ್ಮ ಜಿಯೋ ಸಿಮ್ ಬಂದ ಹಾಗೆ. ತೆಳು ಉಕ್ಕಿನ ಕೊಳವೆ, ಮುಕ್ಕಾಲು ಇಂಚು ದಪ್ಪ, ಅಲಂಕಾರ ಇಲ್ಲ. 1933ರಲ್ಲಿ ಟೆಕ್ಸಸ್‌ನ ಎಲ್ ಪಾಸೊಗೆ ಹೋಗಿ ನೆಲೆಯಾದ.

ಯುದ್ಧ ಬಂದಾಗ ಅಮೆರಿಕದ ಭೂಸೇನೆಗೆ ಬೇಕಿದ್ದದ್ದು ಲೈಮನ್ ಕಂಪನಿಯ ಅಲಾಸ್ಕನ್ ಅನ್ನೋ ಹೆಚ್ಚು ಬೆಲೆಯ, ಹೆಚ್ಚು ಗಟ್ಟಿಯ ಸ್ಕೋಪ್. ಆದರೆ ಅದರ ಲೆನ್ಸ್ ಪೂರೈಕೆ ಸಾಲದೆ, ಬೇಕಾದಷ್ಟು ಸಿಗಲಿಲ್ಲ. ಕೊನೆಗೆ ಯುದ್ಧಕ್ಕೆ ಹೋದದ್ದು ವೀವರ್‌ನ ಅಗ್ಗದ 330. ಸೇನೆ ಅದಕ್ಕೆ ಎಂ73ಬಿ1 ಅಂತ ಗಂಭೀರ ಹೆಸರಿಟ್ಟಿತು, ಅಷ್ಟೆ. ರೆಮಿಂಗ್ಟನ್ ಕಂಪನಿ ಸುಮಾರು 28 ಸಾವಿರ 1903ಎ4 ರೈಫಲ್‌ಗಳ ಮೇಲೆ ಸ್ಕೋಪ್ ಕೂರಿಸೋ ವ್ಯವಸ್ಥೆ ಮಾಡಿ ಕೊಟ್ಟಿತು. ಇಲ್ಲೊಂದು ಭಯಂಕರ ತೀರ್ಮಾನ ಇತ್ತು. ಆ ರೈಫಲ್‌ಗೆ ಮಾಮೂಲಿ ಕಬ್ಬಿಣದ ಗುರಿಕಡ್ಡಿಯನ್ನೇ ಇಡಲಿಲ್ಲ. ಸ್ಕೋಪೊಳಗೆ ನೀರು ಹೊಕ್ಕಿತು ಅನ್ನಿ, ಕೈಯಲ್ಲಿ ಇರೋದು ಬರೀ ಕೋಲು. ಇಟಲಿಯ ಮಳೆಯಲ್ಲಿ ಅದನ್ನ ಹಿಡಿದು ಮಲಗಿದವನನ್ನ ಊಹಿಸಿಕೊಳ್ಳಿ. ಬೇಟೆಗಾರ ಒದ್ದೆಯಾದ್ರೆ ಮನೆಗೆ ಹೋಗ್ತಾನೆ. ಸೈನಿಕ ಹೋಗೋ ಹಾಗಿಲ್ಲ. ವೀವರ್‌ನ ತಪ್ಪು ಇದರಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. ಅವನು 19 ಡಾಲರ್‌ಗೆ ಏನು ಮಾಡಬಹುದೋ ಅದನ್ನ ಪ್ರಾಮಾಣಿಕವಾಗಿ ಮಾಡಿದ್ದ. ಬೇರೆ ಕೆಲಸಕ್ಕೆ ಮಾಡಿದ ವಸ್ತುವನ್ನ ಈ ಕೆಲಸಕ್ಕೆ ಹಚ್ಚಿ, ಪರ್ಯಾಯವನ್ನೂ ತೆಗೆದುಹಾಕಿದವರು ಬೇರೆ.

ಅದೇ ದೇಶದ ಮರೀನ್ ದಳದವರು ಉಲ್ಟಾ ದಾರಿ ಹಿಡಿದ್ರು. ಜಾನ್ ಉನರ್ಟಲ್ ಅನ್ನೋ ಜರ್ಮನ್ ವಲಸೆಗಾರ ಪಿಟ್ಸ್‌ಬರ್ಗ್‌ನಲ್ಲಿ ಮಾಡ್ತಿದ್ದ 8 ಪಟ್ಟಿನ ದುಬಾರಿ ಸ್ಕೋಪ್ ಆರಿಸಿಕೊಂಡ್ರು. ಮೊಳಕ್ಕಿಂತ ಉದ್ದ, ಸ್ಪರ್ಧೆಯಲ್ಲಿ ಗುರಿ ಹೊಡೆಯೋರಿಗೆ ಮಾಡಿದ್ದು. ಗಾಜು ಬಹಳ ಚೆಂದ. ಆದರೆ ಪ್ರತಿ ಗುಂಡಿಗೂ ಸ್ಕೋಪ್ ಬಳೆಯೊಳಗೆ ಮುಂದಕ್ಕೆ ಜಾರುತ್ತಿತ್ತು, ಕೈಯಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಪೆಸಿಫಿಕ್ ದ್ವೀಪಗಳ ಮರಳು, ಕೆಸರಿನಲ್ಲಿ ಇದು ಎಷ್ಟು ಕಿರಿಕಿರಿ! ದುಡ್ಡು ಕೊಟ್ಟರೂ ತಲೆನೋವು ತಪ್ಪಲಿಲ್ಲ ಅಂತ ಹೇಳಬಹುದಿತ್ತು. ಆದರೆ ಇಪ್ಪತ್ತು ವರ್ಷದ ಮೇಲೆ ವಿಯೆಟ್ನಾಂನಲ್ಲಿ ಕಾರ್ಲೊಸ್ ಹ್ಯಾತ್‌ಕಾಕ್ ಹೆಸರು ಮಾಡಿದ್ದು ಅದೇ ಉನರ್ಟಲ್ 8 ಪಟ್ಟಿನ ಸ್ಕೋಪಿನಿಂದ. 1967ರಲ್ಲಿ ಒಂದು ಮಷಿನ್‌ಗನ್ ಮೇಲೆ ಅದನ್ನ ಕೂರಿಸಿ ಅವನು ಹೊಡೆದ 2,286 ಮೀಟರ್ ದಾಖಲೆ 2002ರ ತನಕ ಉಳಿಯಿತು. ನೋಡ್ಕೊಳ್ಳೋ ಕೈ ಇದ್ದರೆ ದುಬಾರಿ ವಸ್ತು ಎರಡು ಯುದ್ಧ ಬಾಳುತ್ತೆ. ಬಿಕಾಂ ಭಾಷೆಯಲ್ಲಿ, ಡಿಪ್ರಿಸಿಯೇಷನ್ ಕಡಿಮೆ.

ಹಬೆಯ ಸಮಸ್ಯೆಗೆ ಔಷಧಿ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. ಒರೆಗಾನ್‌ನ ಲೂಪೋಲ್ಡ್ ಕುಟುಂಬ ಭೂಮಾಪನದ ಉಪಕರಣ ಮಾಡ್ತಿತ್ತು. ಸದಾ ಮಳೆ ಸುರಿಯೋ ಸೀಮೆ ಅದು. ಆ ಮನೆಯ ಮಾರ್ಕಸ್ ಲೂಪೋಲ್ಡ್ ಬೇಟೆಗೆ ಹೋಗಿ, ಸ್ಕೋಪ್ ಹಬೆ ಕಟ್ಟಿದ್ದರಿಂದ ಜಿಂಕೆ ತಪ್ಪಿಸಿಕೊಂಡಿತು ಅಂತ ಕಂಪನಿಯ ಕತೆ ಇದೆ. 1947ರಲ್ಲಿ ಅವರ ಮೊದಲ ಸ್ಕೋಪ್ ಬಂತು. ಒಳಗಿನ ತೇವದ ಗಾಳಿ ತೆಗೆದು, ಒಣ ನೈಟ್ರೋಜನ್ ತುಂಬಿ ಮುಚ್ಚೋ ಉಪಾಯವನ್ನ ಅವರು ಬಳಕೆಗೆ ತಂದ್ರು. ತೇವವೇ ಇಲ್ಲದಿದ್ರೆ ಹಬೆ ಎಲ್ಲಿಂದ? ಮೂವತ್ತು ವರ್ಷ ಎಷ್ಟೋ ಜನರ ಪ್ರಾಣದ ಪ್ರಶ್ನೆ ಆಗಿದ್ದದ್ದಕ್ಕೆ ಪರಿಹಾರ, ನಾವು ಉಸಿರಾಡೋ ಗಾಳಿಯಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಇರೋ ಅನಿಲ! 1988ರಲ್ಲಿ ಅಮೆರಿಕದ ಭೂಸೇನೆ ಎಂ24 ರೈಫಲ್ ತಂದಾಗ, ಹೌದು, ನಿಮ್ಮ ಆಟದ ಅದೇ ಎಂ24, ಅದರ ಮೇಲೆ ಕೂರಿಸಿದ್ದು ಲೂಪೋಲ್ಡ್‌ನ 10 ಪಟ್ಟಿನ ಸ್ಕೋಪ್. ಅಗ್ಗದ ವೀವರ್‌ನ ಎಲ್ ಪಾಸೊ ಕಾರ್ಖಾನೆ 1984ರಲ್ಲಿ ಬಾಗಿಲು ಹಾಕಿತ್ತು.

ಹಾಗಂತ ಗಾಜೇ ಎಲ್ಲ ಅಂತಲೂ ಅಲ್ಲ. 2008ರ ಆಗಸ್ಟ್ 11, ಬೀಜಿಂಗ್. ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ರಲ್ಲ, ಆ ಸ್ಪರ್ಧೆಯಲ್ಲಿ ಸ್ಕೋಪ್ ನಿಷಿದ್ಧ. ದೊಡ್ಡದು ಮಾಡಿ ತೋರಿಸೋ ಹಾಗೇ ಇಲ್ಲ. ಕಣ್ಣಿನ ಹತ್ತಿರ ಸಣ್ಣ ತೂತಿನ ಬಿಲ್ಲೆ, ಮುಂದೆ ಒಂದು ಉಂಗುರ, ಗುರಿಯ ನಡುವೆ ಅರ್ಧ ಮಿಲಿಮೀಟರ್ ಚುಕ್ಕೆ. ಅಲ್ಲೂ ದುಡ್ಡು ಹೋಗೋದು ಅಲುಗದೆ ಕೂರೋದಕ್ಕೇ. ಫೈನಲ್‌ಗೆ ಸ್ವಲ್ಪ ಮುಂಚೆ ಅಭ್ಯಾಸದ ಗುಂಡು ಹೊಡೆದಾಗ ಅದು ನಡುಮಧ್ಯದಿಂದ ತುಂಬಾ ದೂರ ಬಿತ್ತು, ಗುರಿಕಡ್ಡಿ ಸರಿದುಹೋಗಿತ್ತು ಅಂತ ಅವರು ಆತ್ಮಕತೆಯಲ್ಲಿ ಬರೆದಿದ್ದಾರೆ. ಇರೋ ಕೆಲವೇ ನಿಮಿಷದಲ್ಲಿ ಮತ್ತೆ ಝೀರೋ ಮಾಡಿಕೊಂಡು ಸ್ಪರ್ಧೆಗೆ ನಿಂತ್ರು. ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಆ ಕೆಲವು ಸ್ಕ್ರೂ ತಿರುವಿನ ಮೇಲೆ ನಿಂತಿತ್ತು.

ಈಗ ನನ್ನ ಬೈನಾಕ್ಯುಲರ್ ವಿಷಯ. ಅದನ್ನ ಬಿಸಾಕಿಲ್ಲ. ಬೇಸಿಗೆಯಲ್ಲಿ ಮಹಡಿ ಮೇಲಿಂದ ಗಾಳಿಪಟ ನೋಡೋಕೆ ಚೆನ್ನಾಗಿದೆ. ಮಳೆಗಾಲದ ಘಟ್ಟಕ್ಕೆ ಮಾತ್ರ ಬೇರೆ ತಗೊಂಡೆ, ನೈಟ್ರೋಜನ್ ತುಂಬಿದ್ದು, 8 ಪಟ್ಟಿನದ್ದು, ಹಳೇದಕ್ಕಿಂತ ನಂಬರ್ ಚಿಕ್ಕದು, ಬೆಲೆ ಎಂಟು ಪಟ್ಟು. ಅಂಗಡಿಯವರು ‘ಇದಕ್ಕಿಂತ ಜಾಸ್ತಿ ಎಕ್ಸ್ ಇರೋದು ಕಮ್ಮಿ ರೇಟಿಗೆ ಇದೆ ಸರ್’ ಅಂದ್ರು. ಬೇಡ ಅಂದೆ.

ಮುಂದಿನ ವಾರ ಕನ್ನಡಕದ ಕತೆ ಹೇಳ್ತೀನಿ, ಲೆನ್ಸಿನ ವಿಷಯ ಹೇಗೂ ಶುರುವಾಗಿದೆ. ಕೇಳಿ ಏನನ್ನಿಸಿತು ಅಂತ ವಾಯ್ಸ್ ನೋಟ್ ಕಳಿಸಿ. ಯಾವ ಗನ್ ಬೆಸ್ಟ್ ಅಂತ ಮಾತ್ರ ಕೇಳಬೇಡಿ, ನನಗೆ ಆಟದಲ್ಲೇ ಗುರಿ ಸಿಗಲ್ಲ. ಸಿಗೋಣ.